ಮುಂದಿನ ಹಸು ಹುಲ್ಲು ಕಂಡಿದೆಯೇ?

ರಾಮನಾಥಪುರದ ಸುತ್ತಮುತ್ತ ದನ ಮೇಯಿಸಿದ ಅಕ್ಕತಂಗಿಯರಿಗೆ ಇದು ಹೊಸ ಮಾತಲ್ಲ. ಹತ್ತು ದನ ಬಿಟ್ಟರೆ ಹತ್ತೂ ಹತ್ತು ದಿಕ್ಕಿಗೆ ಹೋಗುವುದಿಲ್ಲ. ಒಂದು ಹಸು ತಲೆ ಎತ್ತಿ ನಡೆದರೆ ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಒಂದು ಬೆದರಿ ಓಡಿದರೆ ಉಳಿದವೂ ಕಾರಣ ತಿಳಿಯದೆ ಓಡುತ್ತವೆ.

ಇದನ್ನು ದನದ ದಡ್ಡತನ ಎನ್ನಬೇಡಿ. ಹುಲಿ, ಚಿರತೆಯ ಬಾಯಿಂದ ತಪ್ಪಿಸಿಕೊಳ್ಳಲು ಬಂದ ಬುದ್ಧಿ ಅದು. ಹಿಂಡಿನ ನಡುವೆ ಇರುವ ಪ್ರಾಣಿ ಉಳಿಯುತ್ತದೆ, ಅಂಚಿನಲ್ಲಿರುವುದು ಮೊದಲು ಸಿಕ್ಕಿಬೀಳುತ್ತದೆ. ಹಾಗಾಗಿ ಪ್ರತಿ ಪ್ರಾಣಿಯೂ ನಡುವೆ ನುಗ್ಗಲು ನೋಡುತ್ತದೆ ಎಂದು ಬ್ರಿಟನ್ನಿನ ಜೀವವಿಜ್ಞಾನಿ ಡಬ್ಲ್ಯು.ಡಿ. ಹ್ಯಾಮಿಲ್ಟನ್ 1971ರಲ್ಲಿ ವಿವರಿಸಿದರು.

ನಮ್ಮ ಮೈಸೂರು ಸೀಮೆಯವರು ಈ ಗುಣವನ್ನು ಅರಿತೇ ಹಿಂಡು ಸಾಕಿದರು. ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಟಿಪ್ಪು ಸುಲ್ತಾನನ ಕಾಲದಲ್ಲಿ ‘ಅಮೃತ್ ಮಹಲ್’ ಎನಿಸಿಕೊಂಡಿತು. ಅದರ ದನಗಳಿಗಾಗಿ ಮೀಸಲಿಟ್ಟ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿದ್ದರು. ಯಾವ ಕಾಲಕ್ಕೆ ಎಲ್ಲಿ ಹುಲ್ಲು, ಎಲ್ಲಿ ನೀರು ಎಂದು ನೋಡಿ ಹಿಂಡನ್ನು ಸಾಗಿಸುತ್ತಿದ್ದರು. ದನ ದನದ ಹಿಂದೆ ಹೋದರೂ, ದಾರಿ ಬಲ್ಲ ಮನುಷ್ಯ ಜೊತೆಗಿರುತ್ತಿದ್ದ.

ದುಡ್ಡಿನ ವಿಷಯದಲ್ಲಿ ನಾವೂ ಹಿಂಡಾಗುತ್ತೇವೆ. ಅಲ್ಲಿ ದಾರಿ ಬಲ್ಲವರು ಜೊತೆಗಿರುವುದು ಅಪರೂಪ.

ಎಮು ಹಕ್ಕಿಯ ಹಿಂದೆ ಹೋದವರು

ಚಾಮರಾಜನಗರದ ಗಡಿ ದಾಟಿದರೆ ತಮಿಳುನಾಡಿನ ಈರೋಡ್ ಜಿಲ್ಲೆ. ಅಲ್ಲಿನ ಪೆರುಂದುರೈಯಲ್ಲಿ ಸುಸಿ ಎಮು ಫಾರ್ಮ್ಸ್ ಎಂಬ ಕಂಪನಿ ಇತ್ತು. ಒಂದೂವರೆ ಲಕ್ಷ ರೂಪಾಯಿ ಕಟ್ಟಿದರೆ ಆರು ಎಮು ಮರಿ, ಅವಕ್ಕೆ ಶೆಡ್ಡು, ಮೇವು. ಮೇಲೆ ತಿಂಗಳಿಗೆ 6,000 ರೂಪಾಯಿ, ವರ್ಷಕ್ಕೆ 20,000 ಬೋನಸ್. ಮೊದಲು ಸೇರಿದವರಿಗೆ ಹಣ ಬಂತು. ಅದನ್ನು ಕಂಡು ನೆರೆಯವರು ಸೇರಿದರು, ಅವರನ್ನು ಕಂಡು ನೆಂಟರು ಸೇರಿದರು.

ಲೆಕ್ಕ ಹಾಕಿ. ತಿಂಗಳಿಗೆ 6,000 ಎಂದರೆ ವರ್ಷಕ್ಕೆ 72,000. ಬೋನಸ್ ಸೇರಿ 92,000. ಕಟ್ಟಿದ್ದು ಒಂದೂವರೆ ಲಕ್ಷ. ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಲಾಭ! ಆ ಹಕ್ಕಿಯ ಮಾಂಸ ಯಾರು ಕೊಳ್ಳುತ್ತಾರೆ, ಎಣ್ಣೆ ಎಲ್ಲಿ ಮಾರುತ್ತದೆ ಎಂದು ಕೇಳಿದವರು ಕಡಿಮೆ. ಹೊಸಬರು ಕಟ್ಟಿದ ಹಣವೇ ಹಳಬರ ಕೈಗೆ ಹೋಗುತ್ತಿತ್ತು. 2012ರ ಆಗಸ್ಟ್‌ನಲ್ಲಿ ಕಂಪನಿ ಬಾಗಿಲು ಹಾಕಿತು. ಹಕ್ಕಿಗಳು ಹಸಿವಿನಿಂದ ಸಾಯತೊಡಗಿ, ಸರ್ಕಾರವೇ ಮೇವು ಹಾಕಬೇಕಾಯಿತು.

ನಮ್ಮ ರಾಜ್ಯವೂ ಇದಕ್ಕೆ ಹೊರತಲ್ಲ. ಬೆಂಗಳೂರಿನ ಐಎಂಎ ಕಂಪನಿ 2019ರ ಜೂನ್‌ನಲ್ಲಿ ಮುಳುಗಿತು. ಶಿವಾಜಿನಗರದ ಕಚೇರಿ ಮುಂದೆ ಜನ ಜಾತ್ರೆಯಂತೆ ಸೇರಿದರು. ಕೆಲವೇ ವಾರಗಳಲ್ಲಿ ದೂರು ಕೊಟ್ಟವರ ಸಂಖ್ಯೆ 40 ಸಾವಿರ ದಾಟಿತು. ಮದುವೆಗೆಂದು ಕೂಡಿಟ್ಟ ಹಣ, ಒಡವೆ ಮಾರಿದ ಹಣ ಅದರಲ್ಲಿತ್ತು.

ಹತ್ತು ಜನ, ಒಂದೇ ಸಾಕ್ಷಿ

ಇಷ್ಟು ಜನ ಮೋಸ ಹೋಗುವುದು ಹೇಗೆ? ಮೊದಲನೆಯಾಕೆ ಏಜೆಂಟನ ಮಾತು ಕೇಳಿ ಹಣ ಕಟ್ಟುತ್ತಾಳೆ. ಎರಡು ತಿಂಗಳು ಹಣ ಬರುತ್ತದೆ. ಎರಡನೆಯಾಕೆ ಅವಳನ್ನು ನೋಡಿ ಕಟ್ಟುತ್ತಾಳೆ. ಹತ್ತನೆಯಾಕೆ ‘ಒಂಬತ್ತು ಜನ ಸುಮ್ಮನೆ ಕಟ್ಟುತ್ತಾರೆಯೇ?’ ಎಂದುಕೊಳ್ಳುತ್ತಾಳೆ. ಆದರೆ ಒಂಬತ್ತು ಜನರಲ್ಲಿ ಯಾರೂ ಲೆಕ್ಕಪುಸ್ತಕ ನೋಡಿಲ್ಲ. ಹಸು ಹಸುವಿನ ಬಾಲ ನೋಡಿ ನಡೆದಿದೆ, ಹುಲ್ಲು ಯಾವುದೂ ಕಂಡಿಲ್ಲ. ಕೊನೆಗೆ ಬಂದವರು ಹಿಂಡಿನ ಅಂಚಿನವರು. ಪೂರ್ತಿ ಹೊಡೆತ ಅವರಿಗೇ.

‘ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ’ ಎಂಬ ಗಾದೆ ಹುಟ್ಟಿದ್ದು ಇಂಥದ್ದಕ್ಕೇ.

ಬೆಳೆಯಲ್ಲೂ ಇದೇ ಕತೆ. 2023ರಲ್ಲಿ ಶುಂಠಿ ದರ ಗಗನಕ್ಕೇರಿತು. ಅದನ್ನು ಕಂಡು ಎಲ್ಲರೂ ಶುಂಠಿಗೇ ಇಳಿದರು, ಮುಂದೆ ದರ ಕುಸಿಯಿತು. ಒಂದೇ ಗೋಮಾಳಕ್ಕೆ ಊರ ದನವೆಲ್ಲ ನುಗ್ಗಿದರೆ ಹುಲ್ಲು ಉಳಿಯುತ್ತದೆಯೇ? ರಾಮನಾಥಪುರದ ಹರಾಜು ಮಾರುಕಟ್ಟೆ ಬಲ್ಲವರಿಗೆ ಗೊತ್ತು: ಇಷ್ಟೇ ತಂಬಾಕು ಬೆಳೆಯಬೇಕೆಂದು ಮಂಡಳಿ ಪ್ರತಿ ವರ್ಷ ಮಿತಿ ಹಾಕುವುದು ಇದೇ ಭಯಕ್ಕೆ.

ಹಸು ಕೊಳ್ಳುವಾಗ ಇರುವ ಬುದ್ಧಿ

ಜಾತ್ರೆಯಲ್ಲಿ ಹಸು ಕೊಳ್ಳುವಾಗ ನೀವು ಪಕ್ಕದ ಮನೆಯವರು ಕೊಂಡರೆಂದು ಕೊಳ್ಳುವುದಿಲ್ಲ. ಹಲ್ಲು ನೋಡುತ್ತೀರಿ, ಕೆಚ್ಚಲು ಮುಟ್ಟಿ ನೋಡುತ್ತೀರಿ, ಹಾಲು ಕರೆದು ನೋಡುತ್ತೀರಿ. ಡೇರಿಯಲ್ಲೂ ಅಷ್ಟೇ. ಮುಂದೆ ನಿಂತವಳ ಹಾಲು ಚೆನ್ನಾಗಿತ್ತೆಂದು ನಿಮ್ಮ ಹಾಲನ್ನು ಹಾಗೇ ತೆಗೆದುಕೊಳ್ಳುವುದಿಲ್ಲ. ಪ್ರತಿಯೊಬ್ಬರ ಹಾಲಿಗೂ ಜಿಡ್ಡು, ಎಸ್‌ಎನ್‌ಎಫ್ ನೋಡುತ್ತಾರೆ. ಬಟವಾಡೆಯಲ್ಲಿ ಬಂದ ಹಣವನ್ನು ಬೇರೆಯವರ ಕೈಗೆ ಕೊಡುವಾಗಲೂ ಅಂಥದೇ ಪರೀಕ್ಷೆ ಬೇಕು.

• ಲಾಭ ಎಲ್ಲಿಂದ ಬರುತ್ತದೆ? ಏನು ಮಾರಿ, ಯಾರಿಗೆ ಮಾರಿ? ಉತ್ತರ ನಮಗೆ ಅರ್ಥವಾಗುವಂತಿರಬೇಕು. ಬ್ಯಾಂಕು ಕೊಡುವುದಕ್ಕಿಂತ ಹಲವು ಪಟ್ಟು ಬಡ್ಡಿ ಎಂದರೆ ಅಲ್ಲೇ ನಿಲ್ಲಿ.

• ಅನುಮತಿ ಕೊಟ್ಟವರು ಯಾರು? ಅನುಮತಿ, ನೋಂದಣಿ ಇಲ್ಲದೆ ಸಾರ್ವಜನಿಕರಿಂದ ಠೇವಣಿ ಪಡೆಯುವ ಯೋಜನೆಗಳನ್ನು 2019ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಚೀಟಿ ನಡೆಸುವ ಕಂಪನಿ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾಗಿರಬೇಕು. ಕಾಗದ ತೋರಿಸಿ ಎಂದು ಕೇಳುವುದು ಅವಮಾನವಲ್ಲ.

• ಹೇಳುತ್ತಿರುವವರಿಗೆ ಕಮಿಷನ್ ಇದೆಯೇ? ಸೇರಿಸಿದ ಪ್ರತಿ ತಲೆಗೂ ಹಣ ಪಡೆಯುವವರ ಮಾತನ್ನು ಸಾಕ್ಷಿಯೆಂದು ಎಣಿಸಬೇಡಿ, ಅವರು ಅತ್ತಿಗೆ ನಾದಿನಿಯೇ ಆಗಿದ್ದರೂ.

• ಹಣಕ್ಕೆ ವಿಮೆ ಇದೆಯೇ? ಬ್ಯಾಂಕ್ ಠೇವಣಿಗೆ 2020ರಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮೆ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಇಲ್ಲ.

ಅನುಮಾನ ಬಂದರೆ ಪೊಲೀಸ್ ಠಾಣೆಗೆ ದೂರು ಕೊಡಬಹುದು. ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲೂ ದೂರು ಸಲ್ಲಿಸಬಹುದು. ಓದುವ ಮಗಳು ಮೊಬೈಲಿನಲ್ಲಿ ಹುಡುಕಿ ಕೊಡುತ್ತಾಳೆ.

ಒಟ್ಟಿಗೆ ಇರುವುದೇ ತಪ್ಪೆಂದು ಯಾರೂ ತಿಳಿಯಬಾರದು. ಒಬ್ಬೊಬ್ಬರೇ ಮಾರಿದರೆ ಸಿಗದ ಬೆಲೆ ಸಂಘ ಕಟ್ಟಿದ್ದರಿಂದ ಸಿಕ್ಕಿದೆ. ಸಂಘದಲ್ಲಿ ಲೆಕ್ಕ ಕೇಳುವ ಹಕ್ಕು ಪ್ರತಿ ಸದಸ್ಯೆಗೂ ಇದೆ, ವರ್ಷಕ್ಕೊಮ್ಮೆ ಆಡಿಟ್ ಇದೆ, ಸರ್ವಸದಸ್ಯರ ಸಭೆ ಇದೆ. ಹಿಂಡಿಗೂ ಸಂಘಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಆದ್ದರಿಂದ ಯಾರಾದರೂ ಹೊಸ ಸ್ಕೀಮು ತಂದರೆ ಅಂದೇ ಹಣ ಕೊಡಬೇಡಿ. ಮುಂದಿನ ಸಭೆಯಲ್ಲಿ ಎದ್ದು ನಿಂತು ಎಲ್ಲರ ಮುಂದೆ ಕೇಳಿ. ನಿಮಗಿರುವ ಅನುಮಾನವೇ ಇನ್ನೂ ನಾಲ್ವರಿಗೆ ಇರುತ್ತದೆ. ಮೊದಲು ಬಾಯಿ ಬಿಟ್ಟವಳಿಂದ ಉಳಿದವರ ಗಂಟೂ ಉಳಿಯುತ್ತದೆ.