ಎರಡು ಘಟ್ಟಗಳ ನಡುವಿನ ತಂಗುದಾಣ

ಪಠ್ಯಪುಸ್ತಕದ ಚಿತ್ರದಲ್ಲಿ ಪರಮಾಣು ವಿದಳನವೆಂದರೆ ಗೋಲಿಯಾಟ. ನ್ಯೂಟ್ರಾನ್ ಬಂದು ಬಡಿಯಿತು, ಭಾರದ ನ್ಯೂಕ್ಲಿಯಸ್ ಎರಡು ಹೋಳಾಯಿತು. ಯುರೇನಿಯಂ-235ರ ಮಟ್ಟಿಗೆ ಆ ಚಿತ್ರ ಹೇಗೋ ನಡೆದೀತು. ಪ್ಲುಟೋನಿಯಂ-240ರ ಮುಂದೆ ಮಾತ್ರ ಅದರ ಆಟ ಸಾಗದು. ಸುಮಾರು 1 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ನ್ಯೂಟ್ರಾನ್‌ಗಳನ್ನು ಅದು ಬಕಾಸುರನಂತೆ ನುಂಗುತ್ತದೆ. ಆದರೂ ಒಡೆಯುವುದು ತೀರಾ ಅಪರೂಪ. ಗಾಮಾ ಕಿರಣ ಸೂಸಿ, ಪ್ಲುಟೋನಿಯಂ-241 ಆಗಿ ಸುಮ್ಮನಾಗುತ್ತದೆ.

ಹೀಗೆ ಕೆಲವು ಶಕ್ತಿಗಳಿಗಷ್ಟೇ ಬಾಗಿಲು ತೆರೆಯುವುದಕ್ಕೆ ಅನುರಣನ ಎಂದು ಹೆಸರು. 1936ರಲ್ಲಿ ನೀಲ್ಸ್ ಬೋರ್ ಇದರ ಕಾರಣ ಹೇಳಿದರು. ಒಳಹೊಕ್ಕ ನ್ಯೂಟ್ರಾನ್ ತನ್ನ ಶಕ್ತಿಯನ್ನು ಅಲ್ಲಿನ ಕಣಗಳಿಗೆಲ್ಲ ಹಂಚಿಬಿಡುತ್ತದೆ. ಆಗ ಹುಟ್ಟುವ ಹೊಸ ನ್ಯೂಕ್ಲಿಯಸ್‌ಗೆ ತನ್ನದೇ ಶಕ್ತಿಯ ಮೆಟ್ಟಿಲುಗಳಿರುತ್ತವೆ. ಮೆಟ್ಟಿಲಿನ ಎತ್ತರಕ್ಕೆ ಸರಿಹೊಂದುವ ನ್ಯೂಟ್ರಾನ್‌ಗೆ ಸಲೀಸು ಪ್ರವೇಶ.

ಯಾವ ಶಕ್ತಿಗೆ ಏನಾಯಿತೆಂದು ತಿಳಿಯಲು ಓಟದ ಪಂದ್ಯವನ್ನೇ ಏರ್ಪಡಿಸುತ್ತಾರೆ: ಉದ್ದನೆಯ ಕೊಳವೆಯ ಒಂದು ತುದಿಯಿಂದ ನ್ಯೂಟ್ರಾನ್‌ಗಳನ್ನು ಒಟ್ಟಿಗೇ ಬಿಟ್ಟರೆ ವೇಗದವು ಮೊದಲು ತಲುಪುತ್ತವೆ, ನಿಧಾನದವು ಆಮೇಲೆ. 1968ರಲ್ಲಿ ಬೆಲ್ಜಿಯಂನ ಗೀಲ್‌ನಲ್ಲಿ ಪ್ಲುಟೋನಿಯಂ-240ರ ವಿದಳನವನ್ನು ಹೀಗೆ ಅಳೆದಾಗ ವಿಚಿತ್ರವೊಂದು ಕಂಡಿತು. ಹತ್ತಾರು ಅನುರಣನಗಳಲ್ಲಿ ವಿದಳನ ಇಲ್ಲವೆನ್ನುವಷ್ಟು ಕಡಿಮೆ. 780 ಎಲೆಕ್ಟ್ರಾನ್ ವೋಲ್ಟ್ ಸುತ್ತಮುತ್ತ ಇದ್ದಕ್ಕಿದ್ದಂತೆ ವಿದಳನದ ಒಂದು ದಟ್ಟ ಗುಂಪು. ಮತ್ತೆ ಮೌನ, ಮತ್ತೆ ಗುಂಪು. ಫ್ರಾನ್ಸಿನ ಸಾಕ್ಲೆಯಲ್ಲಿ ನೆಪ್ಚೂನಿಯಂ-237 ಕೂಡ ಇದೇ ಆಟ ತೋರಿಸಿತು. ಅದರ ಮೊದಲ ಗುಂಪು 40 ಎಲೆಕ್ಟ್ರಾನ್ ವೋಲ್ಟ್ ಬಳಿ.

ಈ ಒಗಟು ಬಿಡಿಸುವ ಕೀಲಿ ಹಿಂದಿನ ವರ್ಷವೇ ಸಿದ್ಧವಾಗಿತ್ತು. ಒಡೆಯಬೇಕಾದರೆ ನ್ಯೂಕ್ಲಿಯಸ್ ಹಿಗ್ಗಿ ಶಕ್ತಿಯ ಒಂದು ಗುಡ್ಡ ದಾಟಬೇಕು ಎಂದು ಅದುವರೆಗೆ ನಂಬಿದ್ದರು. ಗುಡ್ಡ ಒಂದಲ್ಲ, ಎರಡು ಎಂದು 1967ರಲ್ಲಿ ಭೌತವಿಜ್ಞಾನಿ ಸ್ಟ್ರುಟಿನ್ಸ್ಕಿ ಲೆಕ್ಕ ಹಾಕಿ ತೋರಿಸಿದರು. ನಡುವೆ ಕಣಿವೆ, ಅಲ್ಲಿ ನ್ಯೂಕ್ಲಿಯಸ್ಸಿನ ಉದ್ದ ಅಗಲದ ಸುಮಾರು ಎರಡರಷ್ಟು. ಆ ಕಣಿವೆಯ ತಳ ಎತ್ತರದಲ್ಲಿರುವುದರಿಂದ ಮೆಟ್ಟಿಲುಗಳು ವಿರಳ. ಪ್ಲುಟೋನಿಯಂ-240 ನುಂಗಿದ ನಿಧಾನ ನ್ಯೂಟ್ರಾನ್ ತರುವ ಶಕ್ತಿ ಗುಡ್ಡ ಹತ್ತಲು ಸಾಲದು, ನುಸುಳಿಯೇ ದಾಟಬೇಕು. ಮೊದಲ ಗುಡ್ಡದ ಈಚೆಗಿನ ಮೆಟ್ಟಿಲು ಆಚೆಗಿನ ಕಣಿವೆಯ ವಿರಳ ಮೆಟ್ಟಿಲೊಂದಕ್ಕೆ ಸಮವಾಗಿ ಬಿದ್ದಾಗ ಘಟ್ಟದ ನಡುವೆ ತಂಗುದಾಣ ಸಿಕ್ಕಂತೆ. ವಿದಳನ ಹಲವು ಪಟ್ಟು ಹೆಚ್ಚುತ್ತದೆ. ಗೀಲ್‌ನಲ್ಲಿ ಕಂಡ ಗುಂಪುಗಳು ಇವೇ.

ಇದರಿಂದ ಇನ್ನೊಂದು ಹಳೆಯ ಒಗಟೂ ಬಿಡಿಸಿಕೊಂಡಿತು. 1962ರಲ್ಲಿ ರಷ್ಯಾದ ದುಬ್ನಾದಲ್ಲಿ ಪೊಲಿಕಾನೊವ್ ತಂಡ 14 ಮಿಲಿಸೆಕೆಂಡ್ ಅರ್ಧಾಯುಷ್ಯದಲ್ಲಿ ತಾನಾಗಿಯೇ ಒಡೆಯುವ ಅಮೆರಿಸಿಯಂ-242 ಅನ್ನು ಕಂಡಿತ್ತು. ಅಷ್ಟು ಅವಸರ ಏಕೆಂದು ಯಾರಿಗೂ ಹೊಳೆದಿರಲಿಲ್ಲ. ಅದು ಆಗಲೇ ಎರಡು ಗುಡ್ಡಗಳ ನಡುವಿನ ಕಣಿವೆಯಲ್ಲಿ ಕೂತಿತ್ತು. ಉಳಿದದ್ದು ಒಂದೇ ಗುಡ್ಡ.