ಹತ್ತಿಯ ಧಾರಣೆಗೆ ಬರೆದ ಕಾನೂನು, ಔರಾದಿನ ಓಸಿ ಚೀಟಿ

ಬೀದರ್ ಜಿಲ್ಲಾ ಪೊಲೀಸರ ದಿನಂಪ್ರತಿ ಅಪರಾಧಗಳ ಮಾಹಿತಿಯಲ್ಲಿ ಮಟಕಾ ಪ್ರಕರಣಗಳಿಗೊಂದು ಕಾಯಂ ಒಕ್ಕಣೆಯಿದೆ. ಠಾಣೆ ಬೀದರಿನ ಗಾಂಧಿಗಂಜ್ ಇರಲಿ, ಭಾಲ್ಕಿ ಇರಲಿ, ಔರಾದ್ ಕಡೆಯ ಸಂತಪುರ, ಚಿಂತಾಕಿ ಇರಲಿ, ಕಥೆ ಬದಲಾಗುವುದಿಲ್ಲ. ಖಚಿತ ಭಾತ್ಮಿ ಬರುತ್ತದೆ, ಪಂಚರನ್ನು ಕರೆದುಕೊಂಡು ಪಿಎಸ್‌ಐ ಹೋಗುತ್ತಾರೆ. ಸಾರ್ವಜನಿಕ ಸ್ಥಳದಲ್ಲಿ ಒಬ್ಬ ನಿಂತು, ಒಂದು ರೂಪಾಯಿಗೆ ಎಂಬತ್ತೋ ತೊಂಬತ್ತೋ ರೂಪಾಯಿ ಕೊಡುವುದಾಗಿ ಹೇಳಿ ಚೀಟಿ ಬರೆದುಕೊಡುತ್ತಿರುತ್ತಾನೆ. ಜಪ್ತಿಯಾಗುವುದು ಒಂದಿಷ್ಟು ನಗದು, ನಂಬರ್ ಬರೆದ ಚೀಟಿ, ಒಂದು ಬಾಲ್ ಪೆನ್. ಪ್ರಕರಣ ಕರ್ನಾಟಕ ಪೊಲೀಸ್ ಕಾಯ್ದೆಯ ಕಲಂ 78(3)ರಡಿ ದಾಖಲಾಗುತ್ತದೆ. ಆ ಚೀಟಿ ಸಂಜೆಗೆ ಯಾರ ಕೈ ಸೇರುತ್ತಿತ್ತು, ಗೆದ್ದವನಿಗೆ ಕೊಡುವ ಎಂಬತ್ತು ರೂಪಾಯಿ ಯಾರ ಗಲ್ಲೆಯಿಂದ ಬರುತ್ತಿತ್ತು ಎಂಬುದಕ್ಕೆ ಒಕ್ಕಣೆಯಲ್ಲಿ ಜಾಗವೇ ಇಲ್ಲ. ಜೂಜಿನ ಸುತ್ತ ಬೆಳೆಯುವ ಭ್ರಷ್ಟಾಚಾರವನ್ನು ನಾವು ಸಾಮಾನ್ಯವಾಗಿ ಕೆಲವು ಪೊಲೀಸರ ದುರಾಸೆಯೆಂದು ಬಗೆಯುತ್ತೇವೆ. ದುರಾಸೆ ಇಲ್ಲವೆಂದಲ್ಲ. ಆದರೆ ಬರೆಯುವ ಕೈಯನ್ನು ತೋರಿಸಿ, ಬಾಚುವ ಕೈಯನ್ನು ಮರೆಯಲ್ಲಿಡುವಂತೆ ಕಾನೂನೇ ರೂಪುಗೊಂಡಿದ್ದರೆ, ಮಾಮೂಲು ಹುಟ್ಟಲು ದುರಾಸೆಯಷ್ಟೂ ಬೇಕಾಗುವುದಿಲ್ಲ.

ಕರ್ನಾಟಕ ಪೊಲೀಸ್ ಕಾಯ್ದೆ 1963ರದ್ದು. ಅದರ 78ನೇ ಕಲಂ ಓದುವವರಿಗೆ ಸ್ವಲ್ಪ ಸೋಜಿಗವಾಗಬೇಕು. ಕುದುರೆ ಪಂದ್ಯದ ಬೆನ್ನಿಗೇ ಅಲ್ಲಿ ಬರುವುದು ಹತ್ತಿ. ಹತ್ತಿ, ಚಿನ್ನ-ಬೆಳ್ಳಿ ಅಥವಾ ಇನ್ನಾವುದೇ ಸರಕಿನ ಮಾರುಕಟ್ಟೆ ಧಾರಣೆಯ ಮೇಲೆ, ಆ ಧಾರಣೆ ಹೇಳುವ ಸಂಖ್ಯೆಯ ಅಂಕಿಗಳ ಮೇಲೆ ಪಣ ಕಟ್ಟುವುದು ಅಪರಾಧ. ರಸ್ತೆಯಲ್ಲಿ ಹೋಗುವ ಮೋಟಾರು ವಾಹನದ ನೋಂದಣಿ ಸಂಖ್ಯೆಯ ಮೇಲೆ ಕಟ್ಟುವುದೂ ಅಪರಾಧ. ಶಾಸಕರ ವಿಪರೀತ ಕಲ್ಪನೆಯೆಂದು ಇದನ್ನು ತಳ್ಳಿಹಾಕಬಾರದು. ಕಾನೂನು ಬರೆದವರ ಕಣ್ಣೆದುರಿಗೆ ಇದ್ದದ್ದೇ ಇದು. ನ್ಯೂಯಾರ್ಕ್ ಹತ್ತಿ ವಿನಿಮಯ ಕೇಂದ್ರದಿಂದ ಮುಂಬಯಿಗೆ ತಂತಿಯ ಮೂಲಕ ಬರುತ್ತಿದ್ದ ಆರಂಭದ ಮತ್ತು ಮುಕ್ತಾಯದ ದರಗಳ ಕೊನೆಯ ಅಂಕಿಗಳ ಮೇಲೆ ಮುಂಬಯಿಯ ಜನ ಪಣ ಕಟ್ಟುತ್ತಿದ್ದರು. ಓಪನ್, ಕ್ಲೋಸ್ ಎಂಬ ಮಾತು ಅಲ್ಲಿಯದು. ಉತ್ತರ ಕರ್ನಾಟಕದ ಬಾಯಲ್ಲಿ ಅದು ಓಸಿ. 1961ರಲ್ಲಿ ನ್ಯೂಯಾರ್ಕಿನವರು ಆ ಪದ್ಧತಿ ನಿಲ್ಲಿಸಿದರು. ದರ ಬರುವುದು ನಿಂತರೂ ಪಣ ನಿಲ್ಲಲಿಲ್ಲ. ಕಚ್ಛದಿಂದ ಬಂದ ಕಲ್ಯಾಣ್‌ಜಿ ಭಗತ್ 1962ರಲ್ಲಿ ವರ್ಲಿಯಲ್ಲಿ ತನ್ನದೇ ಅಂಕಿ ತೆಗೆಯತೊಡಗಿದ, 1964ರಲ್ಲಿ ರತನ್ ಖತ್ರಿ ನಿಯಮ ತಿದ್ದಿ ಇನ್ನೊಂದು ಮಟಕಾ ತೆರೆದ. ಮಡಕೆಯಿಂದ ಚೀಟಿ ಎತ್ತುವುದು ಹೋಗಿ ಇಸ್ಪೀಟಿನ ಎಲೆ ಬಂತು: ಮೂರು ಎಲೆ ಎಳೆದು ಕೂಡಿದಾಗ ಬರುವ ಮೊತ್ತದ ಕೊನೆಯ ಅಂಕಿ ಓಪನ್, ಇನ್ನು ಮೂರರದ್ದು ಕ್ಲೋಸ್, ಎರಡೂ ಸೇರಿದರೆ ಜೋಡಿ. ಹಾಗಾಗಿ ನಮ್ಮ ಕಾಯ್ದೆ ವಿಧಾನಮಂಡಲದಲ್ಲಿ ಅಂಗೀಕಾರವಾಗುವ ಹೊತ್ತಿಗೇ ಅದು ಹೆಸರಿಸಿದ ಹತ್ತಿಯ ಜೂಜು ಸತ್ತು ಹೋಗಿತ್ತು, ಹೊಸದು ಹುಟ್ಟಿತ್ತು. ಹೊಸದನ್ನು ಹಿಡಿಯಲು ಉಳಿದದ್ದು ಅದೃಷ್ಟವನ್ನೇ ನೆಚ್ಚಿದ ಯಾವುದೇ ಪಣ ಎಂಬ ಕೊನೆಯ ಸಾಲೊಂದೇ.

ಹಳೆಯ ಮಟಕಾದ ಬಗ್ಗೆ ಹಂಬಲಪಡುವುದು ಅಸಂಗತ. ಮುಂಬಯಿಯ ಗಿರಣಿ ಕೂಲಿಗಳ ಸಂಬಳ ನುಂಗಿದ್ದು ಅದೇ. ಆದರೂ ಒಂದು ವ್ಯತ್ಯಾಸವನ್ನು ಒಪ್ಪಿಕೊಳ್ಳಬೇಕು. ಖತ್ರಿಯ ಎಲೆ ಹತ್ತು ಜನರ ಎದುರಿಗೆ ಎಳೆದದ್ದೆಂಬ ನಂಬಿಕೆಯೇ ಅವನ ಬಂಡವಾಳವಾಗಿತ್ತು. 1982ರ ಗಿರಣಿ ಮುಷ್ಕರದಿಂದ ಆ ಗಿರಾಕಿಗಳು ಚದುರಿದರು. 2008ರಲ್ಲಿ ಕಲ್ಯಾಣ್‌ಜಿಯ ಮಗ ಸುರೇಶ್ ಭಗತ್‌ನನ್ನು ರಸ್ತೆ ಅಪಘಾತದಂತೆ ತೋರಿಸಿ ಕೊಲ್ಲಲಾಯಿತು, ಆ ಪ್ರಕರಣದಲ್ಲಿ ಅವನ ಕುಟುಂಬದವರಿಗೇ ಶಿಕ್ಷೆಯಾಯಿತು. ಈಗ ಭಾಲ್ಕಿಯ ಬಸ್ ನಿಲ್ದಾಣದ ಬಳಿ ಹತ್ತು ರೂಪಾಯಿ ಕಟ್ಟಿದವನ ಮೊಬೈಲಿಗೆ ಅಂಕಿ ಎಲ್ಲಿಂದಲೋ ಬಂದು ಬೀಳುತ್ತದೆ. ಎಳೆದದ್ದನ್ನು ಕಂಡ ಸಾಕ್ಷಿಯಿಲ್ಲ. ಯಾವ ಜೋಡಿಯ ಮೇಲೆ ಎಷ್ಟು ಹಣ ಬಿದ್ದಿದೆ ಎಂಬ ಲೆಕ್ಕ ಕೈಯಲ್ಲಿದ್ದವನೇ ಅಂಕಿಯನ್ನೂ ಪ್ರಕಟಿಸುವುದಾದರೆ, ಅವನು ಕಡಿಮೆ ಹಣ ಬಿದ್ದ ಅಂಕಿಯನ್ನೇ ಆರಿಸದಂತೆ ತಡೆಯುವುದು ಯಾವುದು? ಅವನ ಮರ್ಯಾದೆಯೊಂದೇ. ಮೋಸಹೋದವನು ಠಾಣೆಗೆ ಹೋಗಿ ಫಿರ್ಯಾದು ಕೊಡುವಂತೆಯೂ ಇಲ್ಲ, ಕೊಟ್ಟರೆ ಮೊದಲ ಆರೋಪಿ ಅವನೇ.

ಬಾಚುವ ಕೈಯ ಪ್ರಶ್ನೆಯನ್ನು ನ್ಯಾಯಾಲಯಗಳು ಕೇಳಿಯೇ ಇಲ್ಲವೆಂದರೆ ತಪ್ಪಾದೀತು. ಕೇಳಿವೆ, ಅದೂ ಬೀದರಿಗೆ ಸಂಬಂಧಿಸಿದ ಕಾನೂನಿನಡಿಯೇ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ್ ಹೈದರಾಬಾದ್ ರಾಜ್ಯದಲ್ಲಿತ್ತು. ಅಲ್ಲಿನ ಜೂಜು ಕಾಯ್ದೆ ಫಸಲಿ 1305ರದ್ದು, ಅಂದರೆ 1895ರ ಸುಮಾರಿನದು. ಅದೇ ಕಾಯ್ದೆಯಡಿ ಸಿಕಂದರಾಬಾದಿನ ಕ್ರೆಸೆಂಟ್ ರಿಕ್ರಿಯೇಷನ್ ಕ್ಲಬ್ಬಿನ ಮೇಲೆ 1963ರಲ್ಲಿ ದಾಳಿಯಾಯಿತು. ಹಣವಿಟ್ಟು ರಮ್ಮಿ ಆಡುತ್ತಿದ್ದವರ ಜೊತೆಗೆ ಕ್ಲಬ್ಬಿನ ಪದಾಧಿಕಾರಿಗಳೂ ಸಿಕ್ಕಿಬಿದ್ದರು. ಮ್ಯಾಜಿಸ್ಟ್ರೇಟರು ಶಿಕ್ಷಿಸಿದರು, ಹೈಕೋರ್ಟ್ ಬಿಡಿಸಿತು, ಆಂಧ್ರ ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. 1967ರ ನವೆಂಬರಿನಲ್ಲಿ ನ್ಯಾಯಮೂರ್ತಿ ಹಿದಾಯತುಲ್ಲಾ ಬರೆದ ತೀರ್ಪು ರಮ್ಮಿಯನ್ನು ಬಹುಪಾಲು ಕೌಶಲದ ಆಟವೆಂದಿತು: ಬಿದ್ದ ಎಲೆ ನೆನಪಿಡಬೇಕು, ಕೈಯಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕೆಂದು ಲೆಕ್ಕ ಹಾಕಬೇಕು, ಮೂರೆಲೆಯ ಆಟದಂತಲ್ಲ. ತೀರ್ಪಿನ ಈ ಅರ್ಧವನ್ನು ರಿಕ್ರಿಯೇಷನ್ ಕ್ಲಬ್ಬುಗಳೂ, ಈಚೆಗೆ ಆನ್‌ಲೈನ್ ರಮ್ಮಿ ಕಂಪನಿಗಳೂ ಕಂಠಪಾಠ ಮಾಡಿಕೊಂಡಿವೆ. ಉಳಿದರ್ಧವನ್ನು ಯಾರೂ ನೆನೆಯುವುದಿಲ್ಲ. ಪಣವಿಟ್ಟ ಆಟದಿಂದಲೇ ಮನೆಯ ಯಜಮಾನನೋ ಕ್ಲಬ್ಬೋ ಲಾಭ ಮಾಡಿಕೊಳ್ಳುತ್ತಿದ್ದರೆ ಆಗ ಅಪರಾಧ ಸಾಬೀತಾಗಬಹುದೆಂದೂ ಅದೇ ಪೀಠ ಹೇಳಿತ್ತು. ಕುಳಿತವರು ಯಾರು ಎಂಬುದಕ್ಕಿಂತ ಗಲ್ಲಾ ಯಾರದು ಎಂಬ ಪ್ರಶ್ನೆ ಅದು. ಐದು ದಶಕ ಕಳೆದರೂ ದಾಳಿಗಳು ಅದನ್ನು ಕೇಳಿದ್ದು ಕಡಿಮೆ.

ಪೊಲೀಸರು ದಿನವೂ ಹಿಡಿಯುತ್ತಿದ್ದಾರಲ್ಲ, ಕಾನೂನು ಕೆಲಸ ಮಾಡುತ್ತಿರುವುದಕ್ಕೆ ಇನ್ನೇನು ಸಾಕ್ಷಿ ಬೇಕು ಎಂದು ಕೇಳಬಹುದು. ಹಿಡಿದ ಮೇಲೆ ಏನಾಗುತ್ತದೆಂದು ನೋಡಬೇಕು. ಬೀದಿಯಲ್ಲಿ ಜೂಜಾಡಿದ್ದಕ್ಕೆ ಈ ಕಾಯ್ದೆಯ 87ನೇ ಕಲಂ ಇಟ್ಟಿದ್ದ ಶಿಕ್ಷೆ 2021ರ ತಿದ್ದುಪಡಿಯವರೆಗೂ ಹೆಚ್ಚೆಂದರೆ ಮೂರು ತಿಂಗಳು ಅಥವಾ 300 ರೂಪಾಯಿ. ಆಗ ಅದು ಅಸಂಜ್ಞೇಯ ಅಪರಾಧವಾಗಿದ್ದರಿಂದ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ತನಿಖೆಯೂ ಸಲ್ಲುತ್ತಿರಲಿಲ್ಲ. ಬೀದರ್ ಜಿಲ್ಲೆಯೂ ಸೇರಿದಂತೆ ಈ ಭಾಗದ ಮೇಲ್ಮನವಿಗಳು ಹೋಗುವ ಹೈಕೋರ್ಟಿನ ಕಲಬುರಗಿ ಪೀಠ 2019ರ ಡಿಸೆಂಬರಿನಲ್ಲಿ ಇಂಥದ್ದೇ ಒಂದು ಜೂಜಿನ ಪ್ರಕರಣ ಹಿಡಿದು ಮ್ಯಾಜಿಸ್ಟ್ರೇಟರಿಗೆ ಪಾಠವನ್ನೇ ಹೇಳಿತು: ಠಾಣೆಯ ಪತ್ರದ ಅಂಚಿನಲ್ಲಿ ಅನುಮತಿಸಿದೆ ಎಂದು ಗೀಚಿದರೆ ಸಾಲದು, ಪತ್ರ ಯಾರು ತಂದರೆಂದು ದಾಖಲಿಸಬೇಕು, ವಿಷಯ ಪರಿಶೀಲಿಸಬೇಕು, ಪ್ರತ್ಯೇಕ ಆದೇಶ ಹಾಳೆಯಲ್ಲಿ ಬರೆಯಬೇಕು. ಇದೇ ಲೋಪಕ್ಕೆ ಓಸಿ, ಅಂದರ್-ಬಾಹರ್ ಪ್ರಕರಣಗಳು ಒಂದರ ಹಿಂದೊಂದು ರದ್ದಾಗಿವೆ. ನ್ಯಾಯಾಲಯದ ಮಾತು ಸರಿಯೇ. ಆದರೆ ಠಾಣೆಯ ಕಡೆಯಿಂದ ನೋಡಿ: ಕೇಸು ನಿಂತರೆ ಸಿಗುತ್ತಿದ್ದದ್ದು 300 ರೂಪಾಯಿ, ಬಿದ್ದರೆ ಸೊನ್ನೆ. ಇಂಥ ಕಾನೂನಿನಿಂದ ಯಾರನ್ನೂ ನಿಜವಾಗಿ ಶಿಕ್ಷಿಸಲಾಗದು. ಬೆದರಿಸಬಹುದು, ಲೆಕ್ಕ ತೋರಿಸಬಹುದು, ಬುಕ್ಕಿ ತಾನೇ ಒಪ್ಪಿಸುವ ಬಡಪಾಯಿಯೊಬ್ಬನನ್ನು ತಿಂಗಳಿಗೊಮ್ಮೆ ಹಾಜರುಪಡಿಸಬಹುದು. ಹಿಡಿಯುವ ಅಧಿಕಾರವಿದ್ದು ಶಿಕ್ಷಿಸುವ ಬಲವಿಲ್ಲದ ಕಡೆ ಹಿಡಿಯದಿರುವುದಕ್ಕೇ ಬೆಲೆ ಕಟ್ಟುವುದು ಸಹಜ.

ಬಡವನ ಹತ್ತು ರೂಪಾಯಿಯ ಮೋಜಿಗೆ ಇಷ್ಟು ರಂಪವೇಕೆ ಎನ್ನುವವರೂ ಇದ್ದಾರೆ. ಗಣಿತ ಅವರ ಪರವಾಗಿಲ್ಲ. ಜೋಡಿಯಲ್ಲಿ ಸೊನ್ನೆ-ಸೊನ್ನೆಯಿಂದ 99ರವರೆಗೆ ನೂರು ಸಾಧ್ಯತೆ. ಒಂದಕ್ಕೆ ಎಂಬತ್ತು ಕೊಟ್ಟರೆ, ಆಟ ಪ್ರಾಮಾಣಿಕವಾಗಿಯೇ ನಡೆದರೂ, ಕಟ್ಟಿದ ಪ್ರತಿ ನೂರರಲ್ಲಿ ಸರಾಸರಿ ಇಪ್ಪತ್ತು ರೂಪಾಯಿ ಬುಕ್ಕಿಯದು. ಒಂದೇ ಸೊನ್ನೆಯ ರೂಲೆಟ್ ಚಕ್ರದಲ್ಲಿ 37 ಮನೆಗಳು. ಅಲ್ಲಿ ಕ್ಯಾಸಿನೊಗೆ ಉಳಿಯುವುದು ನೂರಕ್ಕೆ ಮೂರು ರೂಪಾಯಿಗೂ ಕಡಿಮೆ. ಪಣಜಿಯ ಹಡಗಿನಲ್ಲಿ ಕೂತ ಸಿರಿವಂತನಿಗಿಂತ ಔರಾದಿನ ಕೂಲಿಯವನು ಜೂಜಿಗೆ ಆರೇಳು ಪಟ್ಟು ಹೆಚ್ಚು ತೆರುತ್ತಾನೆ.

ಹಾಗಿದ್ದರೆ ಗೋವಾದಂತೆ ಲೈಸೆನ್ಸ್ ಕೊಟ್ಟುಬಿಡಿ, ಕಳ್ಳತನ ತಾನೇ ನಿಲ್ಲುತ್ತದೆ ಎಂಬ ವಾದ ಇಲ್ಲಿ ಎದುರಾಗುತ್ತದೆ. ನಿಲ್ಲುವುದಿಲ್ಲ. ಲಾಸ್ ವೇಗಸ್ಸಿನ ಸ್ಟಾರ್‌ಡಸ್ಟ್ ಕ್ಯಾಸಿನೊದಲ್ಲಿ 1970ರ ದಶಕದಲ್ಲಿ ಲೆಕ್ಕಕ್ಕೆ ಬರುವ ಮೊದಲೇ ಹಣ ಮಾಫಿಯಾಕ್ಕೆ ಹರಿಯುತ್ತಿತ್ತು, ಲೈಸೆನ್ಸ್ ಗೋಡೆಯಲ್ಲಿ ತೂಗುತ್ತಿರುವಾಗಲೇ. ಮೆಲ್ಬರ್ನಿನ ಕ್ರೌನ್ ಕ್ಯಾಸಿನೊ ಬಗ್ಗೆ 2021ರಲ್ಲಿ ವಿಕ್ಟೋರಿಯಾ ರಾಜ್ಯದ ರಾಯಲ್ ಕಮಿಷನ್ ಅದು ಲೈಸೆನ್ಸಿಗೆ ಅನರ್ಹವೆಂದೇ ತೀರ್ಮಾನಿಸಿತು; ಆದರೂ ಲೈಸೆನ್ಸ್ ಕಿತ್ತುಕೊಳ್ಳದೆ ವಿಶೇಷ ವ್ಯವಸ್ಥಾಪಕರನ್ನು ನೇಮಿಸಿ ತಿದ್ದಿಕೊಳ್ಳಲು ಬಿಟ್ಟರು, 2024ರಲ್ಲಿ ಅರ್ಹವೆಂದು ಮತ್ತೆ ಒಪ್ಪಿದರು. ದೊಡ್ಡ ಕುಳಕ್ಕೆ ಸಿಗುವ ಕಾಲಾವಕಾಶ ಅದು. ಕಾನೂನುಬದ್ಧ ಜೂಜಿನ ಏಕೈಕ ಲಾಭವೆಂದರೆ ಮಾಲೀಕ ಯಾರೆಂದು ಕಾಗದದ ಮೇಲಿರುತ್ತದೆ, ವಿಚಾರಣೆಗೆ ಕರೆಯಲು ಒಂದು ಹೆಸರಿರುತ್ತದೆ. ಆ ಹೆಸರು ಬೇಕಾದರೆ ಕ್ಯಾಸಿನೊ ತೆರೆಯಲೇಬೇಕೆಂದಿಲ್ಲ. ತನಿಖೆ ಚೀಟಿಯಿಂದ ಮೇಲಕ್ಕೆ ಹೋದರೂ ಸಿಗುತ್ತದೆ.

ನಿಷೇಧ ಮಾತ್ರದಿಂದ ಆ ಹೆಸರು ಸಿಗದೆಂಬುದನ್ನು ಕರ್ನಾಟಕ ಒಮ್ಮೆ ಕಂಡಿದೆ. 2007ರಲ್ಲಿ ಲಾಟರಿ ನಿಂತಿತು. ಆದರೂ 2015ರಲ್ಲಿ ಅಕ್ರಮ ಒಂದಂಕಿ ಲಾಟರಿಯ ಹಗರಣ ಹೊರಬಿದ್ದು, ಹಿರಿಯ ಐಪಿಎಸ್ ಅಧಿಕಾರಿಯೊಬ್ಬರು ಅಮಾನತಾಗಿ, ತನಿಖೆ ಸಿಬಿಐಗೆ ಹೋಯಿತು. ಆ ಅಧಿಕಾರಿ ಬಳಿಕ ಸೇವೆಗೆ ಮರಳಿದರು. 2021ರಲ್ಲಿ ಸರ್ಕಾರ ಪೊಲೀಸ್ ಕಾಯ್ದೆ ತಿದ್ದಿ ಆನ್‌ಲೈನ್ ಆಟಗಳನ್ನೂ ಜೂಜಿನೊಳಗೆ ತಂದಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದುಮಾಡಿತು, ಕೌಶಲದ ಹಳೆಯ ವಾದವೇ ಮತ್ತೆ ಗೆದ್ದಿತು. ಬೀದರಿನ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಔರಾದಿನ ಆಚೆ ಮಹಾರಾಷ್ಟ್ರದ ದೇಗಲೂರು, ಭಾಲ್ಕಿಯ ಆಚೆ ಅದೇ ರಾಜ್ಯದ ಉದಗೀರ, ಬೀದರಿನ ಆಚೆ ತೆಲಂಗಾಣದ ಜಹೀರಾಬಾದ್. ಮಹಾರಾಷ್ಟ್ರದಲ್ಲಿ 1887ರ ಮುಂಬಯಿ ಕಾಯ್ದೆ, ತೆಲಂಗಾಣದಲ್ಲಿ 1974ರದ್ದು. ಚೀಟಿ ಬರೆಯುವವನು ಒಂದು ರಾಜ್ಯದಲ್ಲಿ, ಬುಕ್ಕಿ ಇನ್ನೊಂದರಲ್ಲಿ ಇದ್ದರೆ, ಇಂಥ ಚಿಲ್ಲರೆ ಕೇಸಿಗಾಗಿ ಯಾವ ಪಿಎಸ್‌ಐ ಗಡಿ ದಾಟಿಯಾನು?

2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ದಿಕ್ಕು ಬದಲಿಸಿದೆ. ಆಡುವವನಿಗೆ ಅದರಲ್ಲಿ ಶಿಕ್ಷೆಯಿಲ್ಲ. ಆಡಿಸುವವನಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿ ರೂಪಾಯಿವರೆಗೆ ದಂಡ, ಹಣ ಸಾಗಿಸುವ ಬ್ಯಾಂಕುಗಳಿಗೂ ನಿರ್ಬಂಧ. ಕೌಶಲವೋ ಅದೃಷ್ಟವೋ ಎಂಬ ಜಗಳವನ್ನು ಅದು ಬದಿಗಿಟ್ಟು ಗಲ್ಲೆಯನ್ನೇ ಹುಡುಕುತ್ತದೆ. ಹೀಗಾಗಿ ಒಂದೇ ಚಹಾ ಹೋಟೆಲಿನಲ್ಲಿ ಕೂತ ಇಬ್ಬರಲ್ಲಿ, ಮೊಬೈಲ್ ಆ್ಯಪ್‌ನಲ್ಲಿ ಅಂಕಿ ಕಟ್ಟಿಸಿಕೊಳ್ಳುವವನ ಬೆನ್ನಿಗೆ ಕೋಟಿ ರೂಪಾಯಿಯ ಕಾನೂನು ಬಿದ್ದಿದೆ. ನಗದು ಪಡೆದು ಕಾಗದದ ಮೇಲೆ ಬರೆದುಕೊಡುವವನು ಮತ್ತು ಅವನ ಯಜಮಾನ ಈಗಲೂ ಹತ್ತಿಯ ಧಾರಣೆಗೆ ಬರೆದ ಕಲಮಿನ ಕೆಳಗೇ ಇದ್ದಾರೆ.