ಸೋಬಾನ ಪದಕ್ಕೆ ಎಲ್ಲರ ದನಿ

ಮದುವೆ ಮನೆ. ಹಂದರದಲ್ಲಿ ಹೆಂಗಸರು ಕೂತಿದ್ದಾರೆ. ಮದುಮಗಳಿಗೆ ಅರಿಸಿನ ಹಚ್ಚುತ್ತಿದ್ದಾರೆ. ಅಜ್ಜಿಯೊಬ್ಬಳು ಪದ ಎತ್ತುತ್ತಾಳೆ. ಉಳಿದವರು ಅದೇ ಸಾಲನ್ನು ತಿರುಗಿ ಹಾಡುತ್ತಾರೆ. ಇದೇ ಸೋಬಾನ ಪದ. ಮದುವೆಗೆ, ಕುಬಸಕ್ಕೆ, ತೊಟ್ಟಿಲಿಗೆ ಈ ಪದ ಬೇಕೇ ಬೇಕು.

ಇಲ್ಲಿ ದನಿಗೆ ಪರೀಕ್ಷೆ ಇಲ್ಲ. "ಒಂದು ಪದ ಹಾಡು, ನೋಡೋಣ" ಎಂದು ಯಾರೂ ಕೇಳುವುದಿಲ್ಲ. ಬಂದು ಕೂತರೆ ಸಾಕು. ಪದ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಮುಂದೆ ಹಾಡುವವರ ಸಾಲು ಕೇಳಿ ಹಿಂದೆ ಹಾಡಿದರಾಯಿತು. ಹತ್ತು ಸಲ ಹೀಗೆ ಹಾಡಿದರೆ ಪದ ತಾನೇ ಬಾಯಿಗೆ ಬರುತ್ತದೆ.

ಒಬ್ಬರೇ ಹಾಡಿದರೆ ಉಸಿರು ಸಾಲುವುದಿಲ್ಲ, ಪದ ತುಂಡಾಗುತ್ತದೆ. ಗುಂಪಿನಲ್ಲಿ ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬಳು ಹಾಡುತ್ತಿರುತ್ತಾಳೆ. ಹಾಗಾಗಿ ಪದ ಕಡಿಯುವುದಿಲ್ಲ. ಒಡಕು ದನಿಯೂ ಅದರಲ್ಲಿ ಕೂಡಿಕೊಳ್ಳುತ್ತದೆ. ಆದರೆ ಪಕ್ಕದವಳ ದನಿ ನಮ್ಮ ಕಿವಿಗೆ ಬೀಳುತ್ತಿರಬೇಕು. ಬೀಳದಿದ್ದರೆ ನಾವು ಕಿರುಚುತ್ತಿದ್ದೇವೆ ಎಂದೇ ಅರ್ಥ. (ನಮ್ಮಂಥ ಮಾಸ್ತರರಿಗೆ ಈ ಚಟ ಸ್ವಲ್ಪ ಜಾಸ್ತಿ!)

ನಮ್ಮ ಕಲಿಕಾ ಕೇಂದ್ರದಲ್ಲೂ ಪಾಠಕ್ಕೆ ಮೊದಲು ಎಲ್ಲರೂ ಕೂಡಿ ಹಾಡುತ್ತೇವೆ. ಒಬ್ಬ ಅಕ್ಕ ಮಾತ್ರ ಬಾಯಿ ತೆರೆಯುತ್ತಿರಲಿಲ್ಲ. ಯಾಕೆಂದು ಕೇಳಿದೆವು. "ಗಂಡ ಹ್ವಾದ ಮ್ಯಾಲ ಹಂದರದಾಗ ನನ್ನ ಯಾರೂ ಕರಿಯಂಗಿಲ್ರೀ. ಹಾಡೋದ ಬಿಟ್ಟೀನಿ" ಎಂದರು.

ನಮಗೆ ನಾಚಿಕೆಯಾಯಿತು. ಬೇಸೂರಿನವರಿಗೂ ಜಾಗ ಇರುವ ಹಂದರ ಅದು. ಎಷ್ಟೋ ಪದ ಬಲ್ಲ ಈ ಅಕ್ಕನಿಗೆ ಅಲ್ಲಿ ಜಾಗ ಇಲ್ಲ! ಇದು ಕೆಟ್ಟ ರೂಢಿ. ಹಾಡಿಗೂ ಕುಂಕುಮಕ್ಕೂ ಏನು ಸಂಬಂಧ? "ಇಲ್ಲಿ ಹಾಡ್ರಿ ಅಕ್ಕಾ, ಯಾರೂ ಏನೂ ಅನ್ನೋದಿಲ್ಲ" ಎಂದೆವು. ಮೊದಲು ಹಿಂದೆ ಕೂತು ಮೆಲ್ಲಗೆ ದನಿಗೂಡಿಸಿದರು. ವಾರ ಕಳೆದ ಮೇಲೆ ತಾವೇ ಪದ ಎತ್ತಿದರು.

ಇಂಥ ಹಾಡುಗಳು ಬಾಯಿಂದ ಬಾಯಿಗೆ ಬಂದವು. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಂಗಸರ ಹಾಡುಗಳನ್ನು ಕೇಳಿ ಬರೆದುಕೊಂಡರು. 1931ರಲ್ಲಿ ಅವು 'ಗರತಿಯ ಹಾಡು' ಎಂಬ ಪುಸ್ತಕವಾದವು. ಬೀಸುವಾಗ ಹಾಡುವ ಮೂರು ಸಾಲಿನ ತ್ರಿಪದಿಗಳು ಅದರಲ್ಲಿವೆ. ಕಟ್ಟಿದವರ ಹೆಸರು ಯಾರಿಗೂ ಗೊತ್ತಿಲ್ಲ. ಈಗ ಹಿಟ್ಟಿನ ಗಿರಣಿ ಬಂದಿದೆ, ಬೀಸುವ ಕಲ್ಲು ಮೂಲೆ ಸೇರಿದೆ. ಮದುವೆಯಲ್ಲಿ ಸಿನಿಮಾ ಹಾಡು ಕೂಗುತ್ತದೆ. ಅಜ್ಜಿಯರು ಹೋದರೆ ಪದವೂ ಹೋಗುತ್ತದೆ.

ಆ ಅಕ್ಕ ಈಗ ತಮ್ಮ ಪದಗಳನ್ನು ತಾವೇ ಬರೆಯುತ್ತಿದ್ದಾರೆ. ಮೊದಲ ಪದದ ಮೂರು ಸಾಲಿಗೆ ಎರಡು ಸಂಜೆ ಹಿಡಿಯಿತು. ಒತ್ತಕ್ಷರ ಬಂದರೆ ಪೆನ್ಸಿಲ್ ನಿಲ್ಲಿಸಿ, ಒಮ್ಮೆ ಹಾಡಿ ನೋಡುತ್ತಾರೆ. ಆಮೇಲೆ ಬರೆಯುತ್ತಾರೆ. ಇಲ್ಲಿಯ ತನಕ ಏಳು ಪದ ಆಗಿವೆ.

ಮುಂದಿನ ತಿಂಗಳು ಅವರ ತಂಗಿಯ ಮಗಳ ಮದುವೆ. ಹಂದರದಲ್ಲಿ ಪದ ಎತ್ತಲು ಅವರನ್ನೇ ಕರೆಯಿರಿ ಎಂದು ಆ ಮನೆಗೆ ಹೋಗಿ ಹೇಳಿ ಬಂದಿದ್ದೇವೆ. ಹಿರಿಯರು ಹ್ಞೂಂ ಅಂದಿಲ್ಲ, ಊಹೂಂ ಎಂದೂ ಅಂದಿಲ್ಲ. ನಾಳೆ ಮತ್ತೊಮ್ಮೆ ಹೋಗುತ್ತೇವೆ.